‘ಎಷ್ಟು ಜನರನ್ನು ಹೊಡೆದಿರಿ?’ ಎಂದು ಕೇಳುವ ಮುನ್ನ: ಕನ್ನಡದ ಸಂಪಾದಕರಿಗೆ, ಪ್ರಕಾಶಕರಿಗೆ ಒಂದು ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆ, ವಾರಪತ್ರಿಕೆಗಳ ಗೌರವಾನ್ವಿತ ಸಂಪಾದಕರಿಗೆ ಮತ್ತು ಪುಸ್ತಕ ಪ್ರಕಾಶಕರಿಗೆ,

ಮಾನ್ಯರೇ,

ಜುಲೈ ಮೂರನೆಯ ವಾರ ಬಂತೆಂದರೆ ಮಾಜಿ ಸೈನಿಕರ ಮನೆಗಳಿಗೆ ಫೋನ್ ಶುರುವಾಗುತ್ತದೆ. ‘ಸರ್, 26ನೇ ತಾರೀಕು ಕಾರ್ಗಿಲ್ ವಿಜಯ ದಿವಸ. ಒಂದರ್ಧ ಗಂಟೆ ಸಿಗ್ತೀರಾ? ಯೂನಿಫಾರಂ ಫೋಟೊ ಇದ್ರೆ ತೆಗೆದಿಟ್ಟಿರಿ.’ ಆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಫೋಟೊಗೆ, ಹತ್ತು ನಿಮಿಷ ಕಾಫಿಗೆ ಹೋಗುತ್ತದೆ. ಇಪ್ಪತ್ತೈದು ವರ್ಷ ಹೆಂಡತಿ ಮಕ್ಕಳ ಮುಂದೂ ಬಾಯಿಬಿಡದ ಸಂಗತಿಯನ್ನು ಉಳಿದ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಮರುದಿನ ಪುಟ ತೆರೆದರೆ ತಲೆಬರಹ: ‘ಶತ್ರುಗಳ ರುಂಡ ಚೆಂಡಾಡಿದ ರಣಕಲಿ’. ಪಾಪ, ಆತ ಆ ಯುದ್ಧದಲ್ಲಿ ಲಾರಿ ಓಡಿಸಿದವರು.

ಈ ಪತ್ರ ಬರೆಯುತ್ತಿರುವ ನಾವು ಮಾಜಿ ಸೈನಿಕರ ಮಾತನ್ನು ಕೇಳಿ, ಧ್ವನಿಮುದ್ರಿಸಿ, ಕಾಗದಪತ್ರಗಳೊಂದಿಗೆ ತಾಳೆ ನೋಡಿ ಬರೆದಿಡುವ ಕೆಲಸದ ಒಳಹೊರಗು ಬಲ್ಲವರು. ನಮ್ಮ ದೂರು ಬಿಸಿಲಲ್ಲಿ ಅಲೆದು ಸುದ್ದಿ ತರುವ ವರದಿಗಾರರ ಮೇಲಲ್ಲ. ಮಧ್ಯಾಹ್ನ ಹೋಗಿ ಸಂಜೆಗೆ ಕಾಪಿ ಕೊಡು ಎನ್ನುವ ವ್ಯವಸ್ಥೆಯ ಮೇಲೆ. ಯುದ್ಧದ ನೆನಪು ನಮಗೆ ಕೈಗಡವಾಗಿ ಸಿಗುವ ವಸ್ತು. ಕೊಟ್ಟವರು ಕೇಳಿದಾಗ ಅದನ್ನು ಕೊಟ್ಟ ಹಾಗೆಯೇ ತೋರಿಸಲು ಬರಬೇಕು. ನಮ್ಮ ಪುಟಗಳಲ್ಲಿ ಅದು ಆಗುತ್ತಿಲ್ಲ.

ಚಿಕ್ಕದೆಂದು ಕಾಣುವ ತಪ್ಪುಗಳಿಂದಲೇ ಹೊರಡುತ್ತೇವೆ. ಎದೆಯ ಮೇಲೆ ಐದು ಪದಕ ಕಂಡ ಕೂಡಲೇ ‘ಐದು ಶೌರ್ಯ ಪದಕಗಳ ಸರದಾರ’ ಎಂದು ಅಚ್ಚಾಗುತ್ತದೆ. ಆ ಐದರಲ್ಲಿ ಒಂದು ಒಂಬತ್ತು ವರ್ಷ ಸೇವೆಗೆ, ಇನ್ನೊಂದು ಇಪ್ಪತ್ತು ವರ್ಷ ಸೇವೆಗೆ, ಮತ್ತೊಂದು 1997ರಲ್ಲಿ ಸ್ವಾತಂತ್ರ್ಯದ ಸುವರ್ಣ ವರ್ಷಕ್ಕೆಂದು ಆಗ ಸೇವೆಯಲ್ಲಿದ್ದವರಿಗೆಲ್ಲ ಕೊಟ್ಟದ್ದು. ಕಾರ್ಗಿಲ್‌ನ ಪದಕದಲ್ಲೇ ಎರಡು ಬಗೆ: ಕಾದಾಟದ ಪ್ರದೇಶದಲ್ಲಿದ್ದವರಿಗೆ ಆಪರೇಷನ್ ವಿಜಯ್ ಸ್ಟಾರ್, ಬೇರೆಡೆ ಸನ್ನದ್ಧವಾಗಿ ನಿಂತವರಿಗೆ ಆಪರೇಷನ್ ವಿಜಯ್ ಮೆಡಲ್. ಶೌರ್ಯಕ್ಕೆಂದೇ ಇರುವವು ಬೇರೆ. ಯುದ್ಧದಲ್ಲಾದರೆ ಪರಮವೀರ, ಮಹಾವೀರ, ವೀರ ಚಕ್ರ. ಶತ್ರುಸೇನೆಯ ಎದುರಲ್ಲದ ಸಾಹಸಕ್ಕಾದರೆ ಅಶೋಕ, ಕೀರ್ತಿ, ಶೌರ್ಯ ಚಕ್ರ. ಜೊತೆಗೆ ಸೇನಾ ಪದಕ. ಇವು ಕೇಂದ್ರ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಸಮೇತ ಪ್ರಕಟವಾಗುತ್ತವೆ, ಹುಡುಕಿದರೆ ಸಿಗುತ್ತವೆ.

ಪದಕದ ಲೆಕ್ಕ ತಪ್ಪಿದರೆ ಯಾರಿಗೇನು ನಷ್ಟ ಎನ್ನಬಹುದು. ನಷ್ಟ ಆ ಹಿರಿಯರಿಗೇ. ಮರುದಿನ ಅದೇ ಪತ್ರಿಕೆಯನ್ನು ಅವರ ಜೊತೆ ಸೇವೆ ಮಾಡಿದವರೂ ಓದಿರುತ್ತಾರೆ. ಮಾಜಿ ಸೈನಿಕರ ಸಂಘದಲ್ಲಿ, ಕ್ಯಾಂಟೀನ್ ಸಾಲಿನಲ್ಲಿ ‘ಏನ್ ಸಾಬ್, ವೀರ ಚಕ್ರ ಯಾವಾಗ ಬಂತು?’ ಎಂಬ ಮಾತು ಬರುತ್ತದೆ. ತಾನು ಹೇಳದ ಬಡಾಯಿಗೆ ತಾನು ತಲೆ ತಗ್ಗಿಸಬೇಕು. ಹಾಗಾದವರು ಮತ್ತೆ ಯಾರ ಮುಂದೆಯೂ ಮಾತಾಡುವುದಿಲ್ಲ. ಒಂದು ತಪ್ಪು ಪದಕ ಒಂದು ಇಡೀ ಬದುಕಿನ ಬಾಯಿ ಮುಚ್ಚಿಸುತ್ತದೆ.

ಹುದ್ದೆಗಳದ್ದೂ ಇದೇ ಕಥೆ. ಕಾಲ್ದಳದಲ್ಲಿ ಸಿಪಾಯಿ ಎನಿಸಿಕೊಳ್ಳುವವನು ಫಿರಂಗಿದಳದಲ್ಲಿ ಗನ್ನರ್, ಎಂಜಿನಿಯರ್ ದಳದಲ್ಲಿ ಸ್ಯಾಪರ್, ಟ್ಯಾಂಕ್ ದಳದಲ್ಲಿ ಸವಾರ್. ಹವಾಲ್ದಾರನಿಗೆ ಟ್ಯಾಂಕ್ ದಳದಲ್ಲಿ ದಫೇದಾರ್ ಎನ್ನುತ್ತಾರೆ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಇವರು ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರುಗಳು. ಸಿಪಾಯಿಯೂ ಅಲ್ಲ, ಲೆಫ್ಟಿನೆಂಟ್‌ನಿಂದ ಶುರುವಾಗುವ ಅಧಿಕಾರಿ ವರ್ಗವೂ ಅಲ್ಲ. ಗಣರಾಜ್ಯೋತ್ಸವ ಅಥವಾ ಸ್ವಾತಂತ್ರ್ಯ ದಿನದಂದು ಜೆಸಿಒಗಳಿಗೆ ಗೌರವವಾಗಿ ಸಿಗುವ ‘ಆನರರಿ ಕ್ಯಾಪ್ಟನ್’ನಲ್ಲಿ ಮೊದಲ ಪದ ಬಿಟ್ಟರೆ ಅರ್ಥವೇ ಬದಲಾಗುತ್ತದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರು ಭೂಸೇನೆಯವರಲ್ಲ, ಗೃಹ ಸಚಿವಾಲಯದ ಅಡಿಯ ಪಡೆಯವರು. ಅವರನ್ನು ‘ಸೇನೆಯ ಯೋಧ’ ಎಂದು ಬರೆದರೆ ಗೌರವ ಹೆಚ್ಚುವುದಿಲ್ಲ, ಅವರದೇ ಪಡೆಯ ಹೆಸರು ಅಳಿಸಿಹೋಗುತ್ತದೆ, ಅಷ್ಟೆ. ‘ಹುತಾತ್ಮ’ ಎಂಬ ಮಾತು ನಮ್ಮ ಭಾಷೆಯಲ್ಲಿ ಬೇರೂರಿದೆ, ಬಳಸಬೇಡಿ ಎನ್ನುವುದಿಲ್ಲ. ಸೇನೆಯ ಕಡತಗಳಲ್ಲಿ ಮಾತ್ರ ಅಂಥ ವರ್ಗ ಇಲ್ಲ. ಅಲ್ಲಿರುವುದು ಬ್ಯಾಟಲ್ ಕ್ಯಾಷುವಲ್ಟಿ (ಕಾದಾಟದಲ್ಲಾದ ಸಾವುನೋವು) ಮತ್ತು ಫಿಸಿಕಲ್ ಕ್ಯಾಷುವಲ್ಟಿ (ಕಾಯಿಲೆ, ಅಪಘಾತದಂಥ ಬೇರೆ ಕಾರಣದ್ದು). ಕುಟುಂಬಕ್ಕೆ ಸಿಗುವ ಪಿಂಚಣಿಯ ಬಗೆ ಈ ವಿಂಗಡಣೆಯನ್ನು ಅವಲಂಬಿಸಿದೆ. ದಾಖಲೆ ನೋಡದೆ ‘ಯುದ್ಧದಲ್ಲಿ ಮಡಿದ’ ಎಂದು ಬರೆದು ಆ ತಾಯಿಯಲ್ಲಿ ಇಲ್ಲದ ಆಸೆ ಹುಟ್ಟಿಸುವ ಹಕ್ಕು ನಮಗ್ಯಾರಿಗೂ ಇಲ್ಲ.

ಇನ್ನು ಲಾರಿ ಓಡಿಸಿದವರ ವಿಚಾರ. 1999ರಲ್ಲಿ ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ದ್ರಾಸ್, ಕಾರ್ಗಿಲ್ ಬಳಿ ಎದುರಿನ ಶಿಖರಗಳಿಂದ ನೇರ ಕಾಣುತ್ತಿತ್ತು. ಮೇಲಿದ್ದ ಪಾಕಿಸ್ತಾನದವರು ನೋಡಿ ನೋಡಿ ಶೆಲ್ ಹಾಕಿಸುತ್ತಿದ್ದರು. ಹಾಗಾಗಿ ವಾಹನಗಳ ಸಾಲು ಕತ್ತಲಲ್ಲಿ, ಹೆಡ್‌ಲೈಟ್ ಆರಿಸಿಕೊಂಡು ಸಾಗಬೇಕಿತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ಹಿಂದೆ ತುಂಬಿದ್ದು ಮದ್ದುಗುಂಡು. ಟೈಗರ್ ಹಿಲ್ ಮತ್ತೆ ಕೈಸೇರಿದ್ದು ಜುಲೈ 4ರಂದು. ಅದರ ಹಿಂದಿನ ಬೊಫೋರ್ಸ್ ಫಿರಂಗಿಗಳ ಹೊಟ್ಟೆ ತುಂಬಿಸಿದ್ದು ಈ ಚಾಲಕರು. ಸೇನೆ ಸೇರುವ ಕನ್ನಡಿಗರು ಬೆಳಗಾವಿಯ ಮರಾಠಾ ಲಘು ಪದಾತಿ ದಳಕ್ಕೋ ಮದ್ರಾಸ್ ರೆಜಿಮೆಂಟ್‌ಗೋ ಮಾತ್ರ ಹೋಗುವುದಿಲ್ಲ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಸರಬರಾಜು, ಸಿಗ್ನಲ್ಸ್, ವೈದ್ಯಕೀಯ ದಳಗಳಲ್ಲೂ ಇದ್ದಾರೆ. ನೆಲಬಾಂಬ್ ತೆಗೆದವರು, ವೈರ್‌ಲೆಸ್ ಹೊತ್ತವರು, ಗಾಯಾಳುವಿಗೆ ಪಟ್ಟಿ ಕಟ್ಟಿದ ನರ್ಸಿಂಗ್ ಅಸಿಸ್ಟೆಂಟ್, ಲಂಗರ್‌ನಲ್ಲಿ (ಸೇನೆಯ ಅಡುಗೆಮನೆ) ರೊಟ್ಟಿ ಸುಟ್ಟು ಮೇಲಕ್ಕೆ ಕಳಿಸಿದವರು. ಇವರನ್ನು ಕೇಳದೆ ಬರೆದ ಯುದ್ಧ ಅರ್ಧ ಯುದ್ಧ. ಇವರು ‘ನಾನೇನ್ ಮಾಡ್ದೆ ಸಾರ್, ಗಾಡಿ ಓಡಿಸ್ದೆ’ ಎಂದು ಶುರುಮಾಡುತ್ತಾರೆ. ಅಷ್ಟು ಕೇಳಿ ಎದ್ದು ಬರುವವರೇ ಹೆಚ್ಚು.

ಹಾಗಾದರೆ ಹೇಗೆ ಕೇಳಬೇಕು?

ಮೊದಲ ಭೇಟಿಗೆ ರೆಕಾರ್ಡರ್ ಬೇಡ, ಕ್ಯಾಮೆರಾ ಬೇಡ. ಏಕೆ ಬಂದಿದ್ದೇವೆ, ಬರೆದದ್ದು ಎಲ್ಲಿ ಬರುತ್ತದೆ, ಯಾರು ಓದುತ್ತಾರೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಇಷ್ಟನ್ನು ಹೇಳಿ ಬರಬೇಕು. ಸಮಯ ಅವರದಾಗಿರಲಿ. ಎಷ್ಟೋ ಮಾಜಿ ಸೈನಿಕರು ಪಿಂಚಣಿ ಸಾಲದೆ ನಗರಗಳಲ್ಲಿ ಎಟಿಎಂ, ಅಪಾರ್ಟ್‌ಮೆಂಟ್, ಕಾರ್ಖಾನೆ ಗೇಟುಗಳಲ್ಲಿ ಹನ್ನೆರಡು ಗಂಟೆ ಪಾಳಿ ಮಾಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಬೆಳಗ್ಗೆ ಹತ್ತಕ್ಕೆ ಕೂರಿಸಿಕೊಂಡರೆ ಸಿಗುವುದು ನಿದ್ದೆಗಣ್ಣಿನ ಮಾತು. ಸಂಜೆಯ ಮೇಲೆ ಕೂರುವುದೂ ಬೇಡ. ಕೆದಕಿದ ನೆನಪನ್ನು ಹೊತ್ತುಕೊಂಡು ಹಾಸಿಗೆಗೆ ಹೋಗುವಂತೆ ಮಾಡಿದರೆ ಆ ರಾತ್ರಿ ಅವರಿಗೂ ಮನೆಯವರಿಗೂ ನಿದ್ದೆ ಇಲ್ಲ. ರಜೆಯ ದಿನದ ಬೆಳಗಿನ ಹೊತ್ತು, ಒಂದೂವರೆ ಗಂಟೆ ಮೀರದ ಹಾಗೆ, ಮೂರು ನಾಲ್ಕು ಸಲ.

ಪಕ್ಕದಲ್ಲಿ ಯಾರಿರಬೇಕು ಎಂಬುದನ್ನೂ ಅವರನ್ನೇ ಕೇಳಬೇಕು. ಹೆಂಡತಿ ಇದ್ದರೆ ಧೈರ್ಯ ಎನ್ನುವವರಿದ್ದಾರೆ. ಹೆಂಡತಿ ಇದ್ದರೆ ಬಾಯಿಯೇ ಬರುವುದಿಲ್ಲ ಎನ್ನುವವರೂ ಇದ್ದಾರೆ. ಊರ ಮುಖಂಡರು, ಸಂಘದ ಪದಾಧಿಕಾರಿಗಳು ಕುರ್ಚಿ ಹಾಕಿಕೊಂಡು ಕೂತರೆ ಮಾತು ಭಾಷಣವಾಗುತ್ತದೆ.

‘ಆಗ ನಿಮಗೆ ಏನನ್ನಿಸಿತು?’ ಇದು ಟಿವಿಯವರ ಪ್ರಶ್ನೆ. ಉತ್ತರವೂ ಟಿವಿಯದೇ ಬರುತ್ತದೆ: ‘ದೇಶಕ್ಕಾಗಿ ಪ್ರಾಣ ಕೊಡೋಕೆ ರೆಡಿ ಇದ್ವಿ.’ ಅದು ಸುಳ್ಳಲ್ಲ, ಆದರೆ ಅದರೊಳಗೆ ಮನುಷ್ಯ ಕಾಣುವುದಿಲ್ಲ. ವಸ್ತುಗಳನ್ನು ಕೇಳಿ ನೋಡಿ. ಬೆನ್ನಿಗೆ ಹೊತ್ತ ಪಿಟ್ಟು ಚೀಲದಲ್ಲಿ ಏನೇನಿತ್ತು? ಬೂಟು ಒದ್ದೆಯಾದರೆ ಒಣಗಿಸುವುದು ಎಲ್ಲಿ? ನೀರು ಎಲ್ಲಿಂದ, ಬಾಟಲಿಯಲ್ಲಿ ಹೆಪ್ಪುಗಟ್ಟಿದರೆ ಏನು ಮಾಡುತ್ತಿದ್ದಿರಿ? ಲಂಗರ್‌ನ ಬಿಸಿ ಊಟ ತಲುಪದ ದಿನ ಜೇಬಿನಲ್ಲಿ ಏನಿರುತ್ತಿತ್ತು? ಮನೆಯ ಕಾಗದ ಸೇನೆಯ ಅಂಚೆ ಕಚೇರಿಯ (ಎಪಿಒ) ಮೂಲಕ ಎಷ್ಟು ದಿನಕ್ಕೆ ಬರುತ್ತಿತ್ತು, ಓದಿ ಎಲ್ಲಿ ಇಟ್ಟುಕೊಳ್ಳುತ್ತಿದ್ದಿರಿ? ಶಕ್ಕರ್‌ಪಾರೆ ಎಂಬ ಸಿಹಿತಿಂಡಿಯ ರುಚಿ ಹೇಳುತ್ತ ಹೇಳುತ್ತ ಅದನ್ನು ಹಂಚಿಕೊಂಡ ಜೊತೆಗಾರನ ಹೆಸರು ತಾನಾಗಿಯೇ ಬರುತ್ತದೆ. ಅಲ್ಲಿ ಸುಮ್ಮನಾಗಬೇಕು. ಮುಂದಿನ ಪ್ರಶ್ನೆ ತುರುಕಬಾರದು. ಬರೆಯುವವನಿಗೆ ಬೇಕಾದ ಮುಖ್ಯ ವಿದ್ಯೆ ಸುಮ್ಮನಿರುವುದು. ಅದನ್ನು ಯಾವ ಪತ್ರಿಕೋದ್ಯಮ ತರಗತಿಯಲ್ಲೂ ಕಲಿಸುವ ಹಾಗೆ ಕಾಣುವುದಿಲ್ಲ.

ಎಂದೂ ಕೇಳಬಾರದ್ದು ಈ ಪತ್ರದ ತಲೆಬರಹದಲ್ಲಿದೆ. ‘ಎಷ್ಟು ಜನರನ್ನು ಹೊಡೆದಿರಿ?’ ಎಂಬ ಪ್ರಶ್ನೆ ಶಾಲಾ ಮಕ್ಕಳ ಬಾಯಲ್ಲಿ ಬಂದರೆ ಕ್ಷಮಿಸಬಹುದು. ಹಾರುವ ಗುಂಡಿಗೆ ಲೆಕ್ಕ ಇರುವುದಿಲ್ಲ. ಲೆಕ್ಕ ಗೊತ್ತಿದ್ದವನು ಅದನ್ನು ಮರೆಯಲು ಜೀವಮಾನ ತೆತ್ತಿರುತ್ತಾನೆ. ಅದನ್ನು ಹೇಳುವ ದಿನ ಬಂದರೆ ಅವನೇ ಹೇಳುತ್ತಾನೆ.

ಮಾತಿನ ನಡುವೆ ಉಸಿರು ಜೋರಾಗುವುದು, ಬೆವರುವುದು, ಕಾಲು ನಡುಗುವುದು, ಒಂದೇ ವಾಕ್ಯ ಮತ್ತೆ ಮತ್ತೆ ಬರುವುದು, ನಮ್ಮ ಹಿಂದಿನ ಗೋಡೆಯಲ್ಲಿ ಕಣ್ಣು ನೆಟ್ಟು ನಿಲ್ಲುವುದು, ಇವು ಕಂಡರೆ ರೆಕಾರ್ಡರ್ ಆಫ್ ಮಾಡಬೇಕು. ‘ಒಳ್ಳೆ ಎಮೋಷನಲ್ ಆಗಿ ಬರ್ತಿದೆ’ ಎಂದು ಕ್ಯಾಮೆರಾ ಹತ್ತಿರ ತಂದವರನ್ನು ನೋಡಿದ್ದೇವೆ. ಅದಕ್ಕೆ ಬೇರೆ ಹೆಸರಿದೆ, ಇಲ್ಲಿ ಬರೆಯುವುದಿಲ್ಲ. ನೀರು ಕೊಟ್ಟು ಮಾತನ್ನು ಇವತ್ತಿಗೆ ಎಳೆಯಬೇಕು: ಈ ಸಲ ಮಳೆ ಹೇಗೆ, ಕಾಳುಮೆಣಸು ಎಷ್ಟಾಯಿತು, ಮೊಮ್ಮಗಳು ಯಾವ ಕ್ಲಾಸು. ಎಷ್ಟೇ ಸುಗಮವಾಗಿ ಸಾಗಿದ ದಿನವೂ ಕೊನೆಯ ಕಾಲು ಗಂಟೆ ಇಂಥ ಮಾತಿಗೇ ಮೀಸಲಿರಲಿ. ಮರುದಿನ ಒಂದು ಫೋನ್ ಮಾಡಬೇಕು, ಹೊಸ ಪ್ರಶ್ನೆ ಕೇಳುವುದಕ್ಕಲ್ಲ. ನಿದ್ದೆ ಬಂದಿಲ್ಲ ಎಂದರೆ ನಾವು ವೈದ್ಯರಾಗಬಾರದು. ನಿಮ್ಹಾನ್ಸ್ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಬರೆದ ಚೀಟಿಯನ್ನು ಮೊದಲ ಭೇಟಿಯಲ್ಲೇ ಮನೆಯವರ ಕೈಗೆ ಕೊಟ್ಟಿರುವುದು ಒಳ್ಳೆಯದು.

ಯುದ್ಧ ಕಂಡವರೆಲ್ಲ ಮನಸ್ಸು ಕೆಡಿಸಿಕೊಂಡವರು ಎಂಬ ಇನ್ನೊಂದು ಅತಿರೇಕವೂ ಈಚೆಗೆ ಕಾಣುತ್ತಿದೆ. ರೋಗದ ಹೆಸರು ಅಂಟಿಸುವುದು ನಮ್ಮ ಕೆಲಸವಲ್ಲ. ಆಘಾತದ ನಂತರದ ಒತ್ತಡದ ಕಾಯಿಲೆ ಮನೋವೈದ್ಯರ ಪಟ್ಟಿಗೆ ಪಿಟಿಎಸ್‌ಡಿ ಎಂಬ ಹೆಸರಲ್ಲಿ ಸೇರಿದ್ದೇ 1980ರಲ್ಲಿ. ಅಂದರೆ 1962, 65, 71ರ ಯುದ್ಧಗಳಿಂದ ಮರಳಿದವರ ಪೈಕಿ ನರಳಿದವರಿಗೆ ತಮ್ಮ ನರಳಿಕೆಗೆ ಹೆಸರೇ ಇರಲಿಲ್ಲ. ಊರವರು ಕೊಟ್ಟ ಹೆಸರುಗಳಿದ್ದವು: ಸಿಡುಕ, ಕುಡುಕ, ಗಾಳಿ ಸೋಕಿದವನು. ‘ಮಿಲ್ಟ್ರಿ’ ಎಂದರೆ ಕೋಟಾದ ರಮ್ ಎಂದೇ ತಿಳಿದ ನೆಂಟರಿಷ್ಟರು ಯಾವ ಮನೆಗೆ ಇಲ್ಲ? ನಡುರಾತ್ರಿ ಎದ್ದು ಬಾಗಿಲ ಚಿಲಕ ನೋಡಿ ಬರುವುದನ್ನು ಹಾಗೆಯೇ ಬರೆಯಿರಿ, ಎಷ್ಟು ಸಲ ಎಂಬುದನ್ನೂ ಬರೆಯಿರಿ. ಓದುಗನಿಗೆ ತಿಳಿಯುತ್ತದೆ. ಅಂದ ಹಾಗೆ, ಸನ್ಮಾನ ಸಮಾರಂಭಗಳಲ್ಲಿ ಯೋಧರನ್ನು ವೇದಿಕೆಗೆ ಕರೆಯುವಾಗ ಪಟಾಕಿ ಸರ ಹಚ್ಚುವ ಪದ್ಧತಿಯನ್ನು ನಿಲ್ಲಿಸಲು ನೀವೇ ಒಂದು ಸಂಪಾದಕೀಯ ಬರೆಯಬಹುದು.

ಕೈಕಾಲು ಕಳೆದುಕೊಂಡವರ ವಿಷಯದಲ್ಲಿ ‘ಛಲ ಬಿಡದ ತ್ರಿವಿಕ್ರಮ’ ಎಂಬ ಸವಕಲು ಮಾತು ಬೇಡ. ಕೃತಕ ಕಾಲನ್ನು ದಿನಕ್ಕೆ ಎಷ್ಟು ಹೊತ್ತು ಹಾಕಿಕೊಳ್ಳಲು ಆಗುತ್ತದೆ, ಮಳೆಗಾಲದಲ್ಲಿ ಮೊಂಡುಗಾಲಿನ ಚರ್ಮ ಬೆವರಿ ಹುಣ್ಣಾಗುತ್ತದೆಯೇ, ತೂಕ ಇಳಿದು ಸಾಕೆಟ್ ಸಡಿಲವಾದಾಗ ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಹೋಗಿಬರುವುದು ಹೇಗೆ, ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ. ಇಷ್ಟು ಬರೆದರೆ ಛಲ ತಾನೇ ಕಾಣುತ್ತದೆ.

ಈಗ ಮಾತನ್ನು ಅಕ್ಷರಕ್ಕಿಳಿಸುವ ಹಂತ. ಕೋಣೆಯ ಫ್ಯಾನ್ ಆರಿಸಿ, ಅಡುಗೆಮನೆಯ ಮಿಕ್ಸಿ ಮುಗಿಯುವವರೆಗೆ ಕಾದು, ಒಂದಲ್ಲ ಎರಡು ಸಾಧನಗಳಲ್ಲಿ ಮುದ್ರಿಸಿಕೊಳ್ಳಬೇಕು. ಒಂದು ಕೈಕೊಟ್ಟರೆ ‘ಮತ್ತೊಮ್ಮೆ ಹೇಳಿ’ ಎಂದು ಕೇಳುವ ಮಾತುಗಳಲ್ಲ ಇವು. ಒಂದು ಗಂಟೆಯ ಮಾತನ್ನು ಬರೆದಿಳಿಸಲು ಆರು ಗಂಟೆಯಾದರೂ ಬೇಕು. ಸನ್ನೆ, ಮೌನ ಮನಸ್ಸಲ್ಲಿ ಹಸಿಯಿರುವಾಗಲೇ, ಎರಡು ಮೂರು ದಿನದೊಳಗೆ ಮುಗಿಸಬೇಕು. ಭಾಷೆಯನ್ನು ತಿದ್ದಬಾರದು. ಸೈನ್ಯದ ಬದುಕು ಹಿಂದಿಯಲ್ಲಿ ನಡೆದಿರುತ್ತದೆ, ನೆನಪು ಮನೆಮಾತಿನಲ್ಲಿ ಬರುತ್ತದೆ. ಉಸ್ತಾದ್, ಸಾಥಿ, ಚಾಂದ್‌ಮಾರಿ (ಗುಂಡು ಹೊಡೆಯುವ ಅಭ್ಯಾಸ), ಬಡಾ ಖಾನಾ (ಎಲ್ಲರೂ ಕೂಡಿ ಉಣ್ಣುವ ಔತಣ) ಇವುಗಳನ್ನು ಹಾಗೆಯೇ ಉಳಿಸಿ. ಧಾರವಾಡದ ಕಡೆಯವರು ‘ಹೋಗಿದ್ವಿರಿ’ ಎಂದರೆ ಅದನ್ನು ‘ತೆರಳಿದ್ದೆವು’ ಎಂದು ಮಾಡುವುದು ಅವರ ನಾಲಿಗೆ ಕತ್ತರಿಸಿದಂತೆ. ರಣಘೋಷವನ್ನೂ ಕೇಳಿಯೇ ಬರೆಯಬೇಕು. ನಮ್ಮ ವರದಿಗಳಲ್ಲಿ ಎಲ್ಲರೂ ‘ಭಾರತ್ ಮಾತಾ ಕೀ ಜೈ’ ಎನ್ನುತ್ತಲೇ ಮುನ್ನುಗ್ಗುತ್ತಾರೆ. ಮರಾಠಾ ದಳದವರದು ‘ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ’, ಮದ್ರಾಸ್ ರೆಜಿಮೆಂಟಿನದು ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’. ರಾತ್ರಿ ಸದ್ದಿಲ್ಲದೆ ಹತ್ತಿದ ಬಂಡೆಯ ಮೇಲೆ ಎಷ್ಟೋ ಹೊತ್ತು ಯಾರೂ ಏನನ್ನೂ ಕೂಗಿರುವುದಿಲ್ಲ ಎಂಬುದೂ ನೆನಪಿರಲಿ.

ಒಂದು ಮಾದರಿ ನೋಡಿ. ಹಿರಿಯರೊಬ್ಬರು ಹೀಗೆ ಹೇಳಿದರೆನ್ನಿ: ‘ಗುಂಡು ಬರ್ತಾ ಇತ್ತು. ನಾವು ಕಲ್ಲಿನ ಹಿಂದೆ ಮಲಗಿದ್ವಿ. ಪಕ್ಕದವನ ನೀರಿನ ಬಾಟ್ಲಿ ತೂತಾಯ್ತು. ಅವನು ಪಾಕಿಸ್ತಾನದವರನ್ನ ಬೈಲಿಲ್ಲ, ಬಾಟ್ಲಿ ಮುಚ್ಚಳ ಸರಿ ಹಾಕ್ಕೊಂಡ. ತೂತು ಕೆಳಗಿತ್ತು.’ ಪುಟಕ್ಕೆ ಬರುವಷ್ಟರಲ್ಲಿ ಇದು ‘ಗುಂಡಿನ ಸುರಿಮಳೆಗೆ ಎದೆಯೊಡ್ಡಿ ಸಿಂಹದಂತೆ ಗರ್ಜಿಸಿದೆವು’ ಎಂದಾಗಿರುತ್ತದೆ. ಮೊದಲನೆಯದರಲ್ಲಿ ಭಯ ಇದೆ, ಕೈ ಮಾಡಿದ ಕೆಲಸ ತಲೆಗೆ ಗೊತ್ತಿಲ್ಲದ ಸ್ಥಿತಿ ಇದೆ, ಒಬ್ಬ ಮನುಷ್ಯ ಇದ್ದಾನೆ. ಎರಡನೆಯದರಲ್ಲಿ ಒಂದು ಸಿಂಹ ಮಾತ್ರ ಇದೆ.

ಸಹಾನುಭೂತಿ ಎಂದರೆ ಹೇಳಿದ್ದನ್ನೆಲ್ಲ ನಂಬಿಬಿಡುವುದೂ ಅಲ್ಲ. ಸೆಕ್ಷನ್ ಎಂದರೆ ಹತ್ತು ಜನ. ಅಂಥ ಮೂರು ಸೆಕ್ಷನ್ ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ, ಬೆಟಾಲಿಯನ್ ಎಂದರೆ ಸುಮಾರು ಎಂಟುನೂರು ಮಂದಿ. ಸೆಕ್ಷನ್ನಿನಲ್ಲಿದ್ದವನಿಗೆ ಕಂಡದ್ದು ಎದುರಿನ ಬಂಡೆ, ಪಕ್ಕದ ಇಬ್ಬರು. ಅವನ ಬಾಯಿಂದ ಕಾರ್ಗಿಲ್ ಯುದ್ಧದ ಟೋಲೋಲಿಂಗ್ ಶಿಖರದ ಇಡೀ ಕಾಳಗದ ಕಥೆ ಹೇಳಿಸಲು ಹೋದರೆ ಆಮೇಲೆ ಓದಿದ್ದು, ಸಿನಿಮಾದಲ್ಲಿ ನೋಡಿದ್ದು ಎಲ್ಲ ಅವನ ನೆನಪಿಗೆ ಬೆರೆತು ಬರುತ್ತದೆ. ದಿನಾಂಕ ಹಿಂದುಮುಂದಾಗುತ್ತದೆ, ಎರಡು ರಾತ್ರಿ ಒಂದೇ ರಾತ್ರಿಯಾಗುತ್ತದೆ. ಅದು ಸುಳ್ಳಲ್ಲ, ನೆನಪಿನ ಸ್ವಭಾವ. ಡಿಸ್ಚಾರ್ಜ್ ಪುಸ್ತಕದಲ್ಲಿ ಸೇವೆಯ ವಿವರ ಇದೆ. ರೆಜಿಮೆಂಟ್ ಇತಿಹಾಸಗಳಿವೆ, ಶೌರ್ಯ ಪ್ರಶಸ್ತಿಯ ಉಲ್ಲೇಖಗಳಿವೆ, ಜೊತೆಗಿದ್ದ ಇನ್ನೊಬ್ಬರು ಎಲ್ಲೋ ಬದುಕಿರುತ್ತಾರೆ. ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ತಂದ ನೀತಿಯ ಪ್ರಕಾರ ಯುದ್ಧ ದಿನಚರಿ ಮೊದಲಾದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಗೌಪ್ಯತೆಯಿಂದ ಬಿಡಿಸಬೇಕು. 1999ರದಕ್ಕೆ ಆ ಅವಧಿ ಮುಗಿದಿದೆ. ಕೇಳಲು ಮಾಹಿತಿ ಹಕ್ಕು ಕಾಯ್ದೆ ಇದೆ, ದೇಶದ ಭದ್ರತೆಯ ಕಾರಣ ಕೊಟ್ಟು ನಿರಾಕರಿಸಲೂಬಹುದು. ದಾಖಲೆ ಒಂದು ಹೇಳಿ ನೆನಪು ಇನ್ನೊಂದು ಹೇಳಿದರೆ ಎರಡನ್ನೂ ಬರೆಯಿರಿ. ಹಿರಿಯರನ್ನು ಕಟಕಟೆಯಲ್ಲಿ ನಿಲ್ಲಿಸಬೇಡಿ. ಇಂದಿಗೂ ಬಳಕೆಯಲ್ಲಿರುವ ಠಾಣ್ಯದ ಜಾಗ, ಸಂಕೇತ ಇಂಥವು ಬಾಯಿತಪ್ಪಿ ಬಂದರೆ ಬಿಟ್ಟುಬಿಡಬೇಕು. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ, ಸಿಕ್ಕಿಬೀಳುವವರು ಅವರು.

ಇನ್ನು ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಮಾತು. ಬದುಕಿ ಬಂದವರ ಕಥೆಯಲ್ಲಿ ಸತ್ತವರು ಇದ್ದೇ ಇರುತ್ತಾರೆ. ಅವರಿಗೂ ಒಂದು ಊರಿದೆ, ಮನೆಯಿದೆ. ‘ನಿಮ್ಮ ಮಗ ನೋವು ತಿನ್ನಲಿಲ್ಲ, ತಕ್ಷಣ ಹೋದ’ ಎಂದು ಆ ಮನೆಗೆ ಹೇಳಿರುತ್ತಾರೆ. ಜೊತೆಗಾರರು ಹಾಗೆ ಹೇಳಿರುವುದು ಕರುಣೆಯಿಂದ. ಇಪ್ಪತ್ತೈದು ವರ್ಷ ಆ ತಾಯಿ ಆ ಒಂದು ವಾಕ್ಯದ ಮೇಲೆ ಬದುಕಿರುತ್ತಾಳೆ. ಈಗ ನಿಮ್ಮ ಪುಟದಲ್ಲಿ, ಹೆಸರು ಊರು ಸಮೇತ, ಅವನು ನಾಲ್ಕು ಗಂಟೆ ಕೆಳಗಿಳಿಸುವವರಿಲ್ಲದೆ ನೀರು ಕೇಳುತ್ತಿದ್ದ ಎಂದು ಅಚ್ಚಾದರೆ? ಹೇಳಿದವನು ನಿಜವನ್ನೇ ಹೇಳಿದ್ದಾನೆ. ಬರೆದವನು ನಿಜವನ್ನೇ ಬರೆದಿದ್ದಾನೆ. ಆದರೂ ಒಂದು ಮನೆ ಎರಡನೆಯ ಸಲ ಮಗನನ್ನು ಕಳೆದುಕೊಳ್ಳುತ್ತದೆ, ಸತ್ಯ ಹೇಳಿದ ಹಿರಿಯನಿಗೆ ಮತ್ತೆ ಆ ಮನೆಯ ಮೆಟ್ಟಿಲು ಹತ್ತುವ ಮುಖ ಇರುವುದಿಲ್ಲ. ಹಾಗಾಗಿ ಸತ್ತವರ ಹೆಸರು ಬರುವ ಕಡೆಯೆಲ್ಲ ಮೊದಲು ಆ ಕುಟುಂಬವನ್ನು ಕಾಣಬೇಕು, ಎಷ್ಟು ತಿಳಿಯಬೇಕೆಂದಿದ್ದಾರೆ ಎಂದು ಕೇಳಬೇಕು. ‘ಬೇಡ’ ಎಂದರೆ ಹೆಸರು ತೆಗೆದು, ಗುರುತು ಹತ್ತದಂತೆ ಬರೆಯಬೇಕು, ಇಲ್ಲವೇ ಆ ಭಾಗವನ್ನು ಬಿಡಬೇಕು. ಸುಳ್ಳು ಬರೆಯುವುದು ಬೇಡ. ಬಿಡುವುದು ಸುಳ್ಳಲ್ಲ. 1965, 71ರಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಯಲ್ಲಿರಬಹುದೆಂದು ಸರ್ಕಾರವೇ ಪಟ್ಟಿ ಮಾಡಿದ 54 ಮಂದಿಯ ಮನೆಗಳ ವಿಷಯದಲ್ಲಂತೂ ಒಂದೊಂದು ಪದವನ್ನೂ ತೂಗಿ ಬರೆಯಬೇಕು. ‘ಇನ್ನೂ ಬದುಕಿದ್ದಾರೆಯೇ?’ ಎಂಬ ಪ್ರಶ್ನಾರ್ಥಕ ಚಿಹ್ನೆಯ ತಲೆಬರಹ ನಿಮಗೆ ಒಂದು ದಿನದ್ದು, ಅವರಿಗೆ ವರ್ಷಗಳದ್ದು.

ಬರೆದು ಮುಗಿದ ಮೇಲೆ ಪೂರ್ತಿ ಲೇಖನವನ್ನು ಎದುರು ಕೂತು ಓದಿ ಹೇಳಬೇಕು. ಫೋನಿನಲ್ಲಿ ಸಾರಾಂಶ ಸಾಲದು. ‘ಹೀಗಲ್ಲ, ಅವತ್ತು ಮಂಜು ಇರಲಿಲ್ಲ’ ಎಂಬ ತಿದ್ದುಪಡಿ ಅಲ್ಲೇ ಸಿಗುವುದು. ‘ಇದು ಬೇಡ’ ಎಂದದ್ದನ್ನು ತೆಗೆಯಬೇಕು. ಒಪ್ಪಿಗೆ ಪತ್ರ ಒಂದೇ ಪುಟದ್ದು, ಕನ್ನಡದಲ್ಲಿ ಇರಲಿ: ಹೆಸರು ಹಾಕಬಹುದೇ, ಧ್ವನಿಮುದ್ರಿಕೆ ಎಲ್ಲಿರಬೇಕು, ತಮ್ಮ ನಂತರ ಯಾರನ್ನು ಕೇಳಬೇಕು.

ಫೋಟೊಗಳ ಬಗ್ಗೆ ಹೇಳದಿದ್ದರೆ ಈ ಪತ್ರ ಅಪೂರ್ಣ. ಮಾಜಿ ಸೈನಿಕರ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಇದೊಂದೇ: ‘ಪೇಪರಿನವರು ತಗೊಂಡು ಹೋದ್ರು, ವಾಪಸ್ ಬರ್ಲಿಲ್ಲ.’ 1971ರಲ್ಲಿ ಯಾವುದೋ ಸ್ಟುಡಿಯೊದಲ್ಲಿ ತೆಗೆಸಿದ, ನೆಗೆಟಿವ್ ಇಲ್ಲದ ಒಂದೇ ಒಂದು ಪ್ರತಿ ನಿಮ್ಮ ಯಾವುದೋ ಕಚೇರಿಯ ಡ್ರಾಯರಿನಲ್ಲಿ ಬಿದ್ದಿದೆ. ಮೂಲಪ್ರತಿಯನ್ನು ಮನೆಯಿಂದ ಹೊರಗೆ ಒಯ್ಯಲೇಬಾರದು. ಸಣ್ಣ ಸ್ಕ್ಯಾನರ್ ಒಯ್ದು 600 ಡಿಪಿಐಯಲ್ಲಿ ಅಲ್ಲೇ ಸ್ಕ್ಯಾನ್ ಮಾಡಬೇಕು, ಹಿಂಬದಿಯ ಬರಹವನ್ನೂ. ಹಳೆಯ ಇನ್‌ಲ್ಯಾಂಡ್ ಪತ್ರಗಳನ್ನು ಉಳಿಸಲೆಂದು ಲ್ಯಾಮಿನೇಟ್ ಮಾಡಿಸಿ ಎಂದು ಸಲಹೆ ಕೊಡಬೇಡಿ. ಒಮ್ಮೆ ಮಾಡಿದರೆ ಬಿಡಿಸಲು ಬರುವುದಿಲ್ಲ, ಕಾಗದ ಒಳಗೇ ಹಾಳಾಗುತ್ತದೆ. ಸೆಲ್ಲೋಟೇಪೂ ಬೇಡ.

ಬರೆದಿಡುವುದರ ಬೆಲೆ ಏನೆಂದು ತಿಳಿಯಲು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಪ್ರಕರಣ ಸಾಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ನಮ್ಮ ಮಿಸ್ಟೇರ್ ಯುದ್ಧವಿಮಾನಗಳಲ್ಲಿ ಅವರದು ಮರಳಲಿಲ್ಲ. ಏನಾಯಿತೆಂದು ಈ ಕಡೆಯವರು ಯಾರೂ ಕಂಡಿರಲಿಲ್ಲ. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಜೊತೆ ಸೆಣಸಿ ಅದನ್ನು ಉರುಳಿಸಿದ್ದರು ಎಂಬುದು ಹೊರಬಿದ್ದದ್ದು ವರ್ಷಗಳ ಮೇಲೆ, ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬ್ರಿಟಿಷ್ ಲೇಖಕರೊಬ್ಬರು ಬರೆದ ವಿವರಗಳಿಂದ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಮ್ಮವರೊಬ್ಬರ ಸಾಹಸ ನಮಗೆ ತಿಳಿಯಲು ಎದುರಾಳಿಯ ಕಡೆಯ ಬರಹ ಬೇಕಾಯಿತು, 23 ವರ್ಷ ಬೇಕಾಯಿತು.

ಈ ನೆಲದಲ್ಲಿ ಬರೆದಿಡುವ ಪದ್ಧತಿ ಇರಲಿಲ್ಲವೆಂದಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿಯದು ಕಾದಾಟದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ‘ಬಾಳ್ಗಚ್ಚು’ ದತ್ತಿ (ವೀರನ ಕತ್ತಿ ತೊಳೆದು ಗೌರವಿಸಿ ಕೊಡುವ ದತ್ತಿ) ಕೊಟ್ಟ ದಾಖಲೆ. ಯಾರಿಗೆ, ಯಾವುದಕ್ಕೆ, ಯಾವ ಊರುಗಳು ಎಂಬುದು ಅಲ್ಲಿದೆ. ಬೇಗೂರಿನ ವೀರಗಲ್ಲೂ ‘ಬೆಂಗಳೂರ ಕಾಳೆಗ’ದಲ್ಲಿ ಸತ್ತವರನ್ನು ಹೆಸರು ಹಿಡಿದೇ ಹೇಳುತ್ತದೆ. ಉಳಿ ಸುತ್ತಿಗೆಯವರು ತೋರಿದ ಎಚ್ಚರ ಕೀಬೋರ್ಡಿನವರಿಗೆ ಕಷ್ಟವೇ?

ನಿಮ್ಮಲ್ಲಿ ನಾವು ಕೇಳಿಕೊಳ್ಳುವುದು ಇಷ್ಟು. ಮಾಜಿ ಸೈನಿಕರ ಕುರಿತ ಲೇಖನಕ್ಕೆ ಕಡೇಪಕ್ಷ ಮೂರು ವಾರ ಸಮಯ ಕೊಡಿ; ಜುಲೈ 26ರದ್ದು ಜುಲೈ ಮೊದಲ ದಿನವೇ ಶುರುವಾಗಿರಲಿ. ಬಿಡಿ ಲೇಖಕರಿಗೆ ಒಂದು ಪುಟದ ಸಂಭಾವನೆಯಲ್ಲದೆ ನಾಲ್ಕು ಭೇಟಿಯ ಬಸ್ ಖರ್ಚನ್ನಾದರೂ ಕೊಡಿ. ತಲೆಬರಹ ಕೊಡುವವರು ಡೆಸ್ಕಿನವರು, ಅವರು ಆ ಮನೆಗೆ ಹೋದವರಲ್ಲ. ಹಾಗಾಗಿ ಓದಿ ಹೇಳುವಾಗ ತಲೆಬರಹವೂ ಸೇರಿರಬೇಕು, ಆಮೇಲೆ ಬದಲಾಗಬಾರದು. ಹುದ್ದೆ, ಘಟಕ, ಪದಕ ತಪ್ಪಿದರೆ ಮೊದಲು ತಪ್ಪು ಬಂದ ಪುಟದಲ್ಲೇ ತಿದ್ದುಪಡಿ ಹಾಕಿ, ಒಳಪುಟದ ಮೂಲೆಯಲ್ಲಲ್ಲ. ಪ್ರಕಾಶಕರು ಒಬ್ಬರ ಅನುಭವವನ್ನೇ ಪುಸ್ತಕ ಮಾಡುವಾಗ ಕರಾರಿನಲ್ಲಿ ಅವರ ಹೆಸರೂ ಗೌರವಧನದಲ್ಲಿ ಅವರ ಪಾಲೂ ಇರಲಿ. ಹತ್ತು ಗೌರವಪ್ರತಿ ಕೊಟ್ಟು ಶಾಲು ಹೊದಿಸಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಗೆದ್ದ ಯುದ್ಧಗಳಿಗಷ್ಟೇ ಪುಟ ಕೊಡುವುದನ್ನೂ ಬಿಡಬೇಕು. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಯಾಗಿ ಹೋದವರಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಅವರಿಗೆ ಕ್ಯಾಲೆಂಡರಿನಲ್ಲಿ ಒಂದು ವಿಜಯ ದಿವಸ ಇಲ್ಲ, ಆದ್ದರಿಂದ ಫೋನೂ ಬರುವುದಿಲ್ಲ. ಅಲ್ಲಿಂದ ಮರಳಿದ ಕನ್ನಡಿಗರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಪ್ಪತ್ತೈದರ ಆಸುಪಾಸು. 1962 ಕಂಡವರು ಎಂಬತ್ತು ದಾಟಿದ್ದಾರೆ, ಸಿಗುವವರು ಕೆಲವರು. ಯಾರಲ್ಲಿ ಕೇಳಬೇಕು ಎಂಬ ಸಬೂಬು ಬೇಡ: ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಜಿಲ್ಲೆಗಳಲ್ಲಿ ಕಚೇರಿಗಳಿವೆ, ಅವರ ಮೂಲಕ ಒಂದು ಕೋರಿಕೆ ಪತ್ರ ಕಳಿಸಿದರೆ ಮಾತಾಡಲು ಮನಸ್ಸಿದ್ದವರು ತಾವಾಗಿಯೇ ಮುಂದೆ ಬರುತ್ತಾರೆ.

ಅಷ್ಟರೊಳಗೆ ಒಂದು ಕೆಲಸ ನಾಳೆಯೇ ಆಗಬಹುದು. ನಿಮ್ಮ ಜಿಲ್ಲಾ ಕಚೇರಿಗಳ ಡ್ರಾಯರುಗಳನ್ನು ಒಮ್ಮೆ ತೆಗೆಸಿ ನೋಡಿ. ಹಿಂಬದಿಯಲ್ಲಿ ಪೆನ್ನಿನಿಂದ ಹೆಸರು, ಊರು ಬರೆದ ಹಳೆಯ ಫೋಟೊಗಳು ಸಿಕ್ಕರೆ ಅಂಚೆಗೆ ಹಾಕಬೇಡಿ, ಯಾರ ಕೈಯಲ್ಲಾದರೂ ಕೊಟ್ಟು ಕಳಿಸಿ.

ಇಂತಿ,
ಮಾಜಿ ಸೈನಿಕರ ಮಾತು ಬರೆದಿಡುವ ಕೆಲಸದವರು